ಜೀವನಾಂಶದ ಮರುನಿಗದಿ

ವಿಚ್ಛೇದನದ ವೇಳೆ ನ್ಯಾಯಾಲಯ ಗೊತ್ತುಮಾಡಿದ ಜೀವನಾಂಶವನ್ನು ಮುಂದೆ ಏರಿಸುವುದು, ಇಳಿಸುವುದು ಅಥವಾ ರದ್ದುಮಾಡುವುದು. 1955ರ ಹಿಂದೂ ವಿವಾಹ ಕಾಯ್ದೆಯ 25(2)ನೇ ಕಲಮು ಇದಕ್ಕೆ ಆಧಾರ. ಕೊಡುವವರು, ಪಡೆಯುವವರು ಯಾರು ಬೇಕಾದರೂ ಅರ್ಜಿ ಹಾಕಬಹುದು. ಇಂಥದೇ ಬದಲಾವಣೆಗೆ ಅವಕಾಶ ಕೊಡುತ್ತಿದ್ದ ದಂಡ ಪ್ರಕ್ರಿಯಾ ಸಂಹಿತೆಯ 127ನೇ ಕಲಮಿನ ಜಾಗಕ್ಕೆ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 146ನೇ ಕಲಮು ಬಂದಿದೆ.

ಬೆಂಗಳೂರಿನ ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಬಡಾವಣೆಯವರು ಇದಕ್ಕಾಗಿ ಸಾಮಾನ್ಯವಾಗಿ ಹೋಗುವುದು ಎಚ್. ಸಿದ್ದಯ್ಯ ರಸ್ತೆಯ ‘ನ್ಯಾಯ ದೇಗುಲ’ದಲ್ಲಿರುವ ಕೌಟುಂಬಿಕ ನ್ಯಾಯಾಲಯಕ್ಕೆ. ಈ ಕಡೆ ಮನೆ ಬಾಡಿಗೆಯ ಕರಾರು ಹನ್ನೊಂದು ತಿಂಗಳಿನದು. ಹೊಸದು ಬರೆಸುವಾಗ ಬಾಡಿಗೆ ಏರುತ್ತದೆ. ಏರಿಕೆಯ ಮಾತು ಆದೇಶದಲ್ಲೇ ಇಲ್ಲದಿದ್ದರೆ ಜೀವನಾಂಶ ಮಾತ್ರ ತಾನಾಗಿ ಏರುವುದಿಲ್ಲ. ಮಗು ಅಂಗನವಾಡಿಗೆ ಹೋಗುತ್ತಿದ್ದಾಗಿನ ಮೊತ್ತದಲ್ಲೇ ಹೈಸ್ಕೂಲಿನ ಫೀಸು ಕಟ್ಟಲು ಹೆಣಗುವ ತಾಯಿ ಅರ್ಜಿ ಹಾಕಲು ಹಿಂಜರಿಯಬೇಕಿಲ್ಲ. ಅದು ಕಾನೂನು ಕೊಟ್ಟ ಹಕ್ಕು.

ಪರಿಸ್ಥಿತಿ ಬದಲಾಗಿದೆ ಎಂಬುದಕ್ಕೆ ದಾಖಲೆ ಬೇಕು: ಸಂಬಳದ ಚೀಟಿ, ಫಾರಂ 16, ಬ್ಯಾಂಕ್ ಪಾಸ್‌ಬುಕ್, ಬಾಡಿಗೆ ಕರಾರು, ಶಾಲೆಯ ರಸೀದಿ, ಆಸ್ಪತ್ರೆಯ ಬಿಲ್ಲು. ಜೀವನಾಂಶದ ಪ್ರಕರಣಗಳಲ್ಲಿ ಇಬ್ಬರೂ ಆಸ್ತಿ–ಸಾಲದ ಅಫಿಡವಿಟ್ ಸಲ್ಲಿಸಬೇಕು ಎಂದು ಸುಪ್ರೀಂ ಕೋರ್ಟ್ 2020ರ ನವೆಂಬರ್ 4ರಂದು ರಜನೀಶ್–ನೇಹಾ ಪ್ರಕರಣದಲ್ಲಿ ಹೇಳಿತು. ಹಿಂದಿನ ಆದೇಶ ಬದಲಾಗಬೇಕಿದ್ದರೆ ಅದು ಹೊರಟ ಪ್ರಕರಣದಲ್ಲೇ ಕೇಳಬೇಕು ಎಂದೂ ಸ್ಪಷ್ಟಪಡಿಸಿತು.

2017ರ ಒಂದು ಪ್ರಕರಣದಲ್ಲಿ ಗಂಡನ ಕೈಗೆ ಬರುತ್ತಿದ್ದ ಸಂಬಳ 95,527 ರೂಪಾಯಿ. ಅದರ ಕಾಲು ಭಾಗ ಜೀವನಾಂಶಕ್ಕೆ ನ್ಯಾಯವಾದದ್ದೆಂದು ಸುಪ್ರೀಂ ಕೋರ್ಟ್ ಹೇಳಿದರೂ, ಆತ ಮರುಮದುವೆಯಾಗಿ ಮಗುವೂ ಇದ್ದುದರಿಂದ 23,000 ರೂಪಾಯಿಯನ್ನು 20,000ಕ್ಕೆ ಇಳಿಸಿತು. ಕಾಲು ಭಾಗ ಎಂಬುದನ್ನು ಕಟ್ಟುನಿಟ್ಟಾದ ಸೂತ್ರವೆಂದು ಭಾವಿಸುವುದು ತಪ್ಪು. 2025ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯ ಮರುಮದುವೆಯಾಗದೆ ಒಬ್ಬಳೇ ಬದುಕುತ್ತಿದ್ದ ಹೆಂಡತಿಗೆ ತಿಂಗಳಿಗೆ 50,000 ರೂಪಾಯಿ ನಿಗದಿಮಾಡಿ, ಎರಡು ವರ್ಷಕ್ಕೊಮ್ಮೆ ಶೇ. 5ರ ಏರಿಕೆಯನ್ನೂ ಆದೇಶದಲ್ಲೇ ಸೇರಿಸಿತು. ಎಲ್ಲ ಆದೇಶಗಳಲ್ಲೂ ಈ ಸಾಲು ಇದ್ದರೆ ಎಷ್ಟೋ ಹೆಣ್ಣುಮಕ್ಕಳಿಗೆ ಕೋರ್ಟಿನ ಅಲೆದಾಟ ತಪ್ಪುತ್ತದೆ.

ಪಡೆಯುವವರು ಮರುಮದುವೆಯಾದರೆ ಜೀವನಾಂಶ ರದ್ದಾಗಬಹುದು. ಕೊಡುವವರ ಕೆಲಸ ಹೋದರೆ ಇಳಿಸಲು ಅರ್ಜಿ ಹಾಕಬೇಕೇ ಹೊರತು ತಾವಾಗಿ ನಿಲ್ಲಿಸುವಂತಿಲ್ಲ. ಆದೇಶ ಬದಲಾಗುವವರೆಗೆ ಬಾಕಿ ಬೆಳೆಯುತ್ತಲೇ ಇರುತ್ತದೆ. ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನಡಿ ಬಾಕಿ ವಸೂಲಿಗೆ ವಾರಂಟ್ ಬೇಕಿದ್ದರೆ, ಹಣ ಸಲ್ಲಬೇಕಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಪರಸ್ಪರ ಒಪ್ಪಿ ಒಂದೇ ಗಂಟಾಗಿ ಹಣ ಪಡೆದು ಮುಗಿಸಿದ್ದನ್ನು ಮತ್ತೆ ತೆರೆಸುವುದು ಬಹಳ ಕಷ್ಟ.

1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಉಚಿತವಾಗಿ ವಕೀಲರ ನೆರವು ಸಿಗುತ್ತದೆ. ಕರ್ನಾಟಕ ರಾಜ್ಯ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇರುವುದೂ ನ್ಯಾಯ ದೇಗುಲದಲ್ಲೇ.