ಆಟವೇ ನಡೆಯದ ವರ್ಷ

ಹಾಕಿ ಅಂದ ಕೂಡಲೇ ನಮಗೆ ನೆನಪಾಗೋದು ಕೊಡಗು, ಧ್ಯಾನ್ ಚಂದ್. ಅಮೆರಿಕ, ಕೆನಡಾದಲ್ಲಿ ಹಾಕಿ ಅಂದರೆ ಮಂಜುಗಡ್ಡೆಯ ಮೇಲಿನ ಆಟ. ಅಲ್ಲಿನ ದೊಡ್ಡ ಲೀಗ್ ಎನ್.ಎಚ್.ಎಲ್., ಗೆದ್ದವರಿಗೆ ಸ್ಟ್ಯಾನ್ಲಿ ಕಪ್. ಗೆದ್ದ ತಂಡದ ಹೆಸರನ್ನು ಕಪ್ಪಿನ ಮೇಲೆ ಕೆತ್ತುತ್ತಾರೆ. 2004-05ರ ಜಾಗದಲ್ಲಿ ಮಾತ್ರ ಆ ಸಾಲಿನ ಆಟ ನಡೆಯಲಿಲ್ಲ ಅಂತಷ್ಟೇ ಇದೆ. ಯಾಕೆ ಗೊತ್ತೇ? ಸಂಬಳದ ಜಗಳ.

ಜಗಳದ ಬೇರು ಹಳೆಯದು. 1957ರಲ್ಲಿ ಡೆಟ್ರಾಯಿಟ್ ತಂಡದ ಟೆಡ್ ಲಿಂಡ್ಸೆ ಆಟಗಾರರ ಸಂಘ ಕಟ್ಟಲು ಹೊರಟ. ನಮ್ಮ ಪಿಂಚಣಿ ಹಣದ ಲೆಕ್ಕ ತೋರಿಸಿ ಅನ್ನೋದು ಆಟಗಾರರ ಬೇಡಿಕೆಗಳಲ್ಲೊಂದು. ಲೆಕ್ಕ ಸಿಗಲಿಲ್ಲ. ಆ ವರ್ಷ ಅದ್ಭುತವಾಗಿ ಆಡಿದ್ದ ಲಿಂಡ್ಸೆಯನ್ನೇ ಪಟ್ಟಿಯ ತಳದಲ್ಲಿದ್ದ ಶಿಕಾಗೋ ತಂಡಕ್ಕೆ ಸಾಗಹಾಕಿದರು!

ಕೊನೆಗೂ 1967ರಲ್ಲಿ ಸಂಘವೇನೋ ಹುಟ್ಟಿತು. ಆದರೆ ಅದನ್ನು ವರ್ಷಗಟ್ಟಲೆ ನಡೆಸಿದ ಅಲನ್ ಈಗಲ್‌ಸನ್ 1998ರಲ್ಲಿ ವಂಚನೆಯ ತಪ್ಪೊಪ್ಪಿಕೊಂಡು ಜೈಲಿಗೆ ಹೋದ. ಆಟಗಾರರು ಇನ್ನು ಯಾರನ್ನು ನಂಬಬೇಕು ಹೇಳಿ?

ಈಗಲ್‌ಸನ್ ನಂತರ ಬಂದ ಬಾಬ್ ಗುಡ್‌ನೌ ಗಟ್ಟಿ ಆಸಾಮಿ. 1992ರಲ್ಲಿ ಹತ್ತು ದಿನ ಮುಷ್ಕರ ಮಾಡಿಸಿದ. 1994-95ರಲ್ಲಿ ಮಾಲೀಕರೇ ಬೀಗ ಹಾಕಿದರು; ಆಗಲೂ ತಂಡದ ಒಟ್ಟು ಸಂಬಳಕ್ಕೆ ಮಿತಿ ಹೇರಲು ಅವರಿಗೆ ಆಗಲಿಲ್ಲ.

2004ರಲ್ಲಿ ಮಾಲೀಕರು ಮತ್ತೆ ಹಟ ಹಿಡಿದರು. ಆದಾಯದ ಶೇ. 75 ಭಾಗ ಆಟಗಾರರ ಪಾಲಾಗುತ್ತಿದೆ, ನಾವು ನಷ್ಟದಲ್ಲಿದ್ದೇವೆ ಅನ್ನೋದು ಅವರ ವಾದ. ಆ ಲೆಕ್ಕವನ್ನು ಸಂಘ ನಂಬಲಿಲ್ಲ. ಸೆಪ್ಟೆಂಬರಿನಲ್ಲಿ ಬೀಗ ಬಿತ್ತು. ಡಿಸೆಂಬರಿನಲ್ಲಿ ಆಟಗಾರರು ತಾವಾಗಿಯೇ ಸಂಬಳದಲ್ಲಿ ಶೇ. 24 ಬಿಡಲು ಒಪ್ಪಿದರು, ಮಿತಿ ಮಾತ್ರ ಬೇಡವೆಂದರು. ಎತ್ತು ಏರಿಗೆ, ಕೋಣ ನೀರಿಗೆ!

ಫೆಬ್ರವರಿಯಲ್ಲಿ ಆಟಗಾರರು ಮಿತಿಗೂ ಮಣಿದರು. ಅವರು ಕೇಳಿದ್ದು ತಂಡಕ್ಕೆ 490 ಲಕ್ಷ ಡಾಲರ್, ಮಾಲೀಕರು ಕೊಡುತ್ತೇವೆಂದದ್ದು 425 ಲಕ್ಷ. ಇಷ್ಟು ಅಂತರಕ್ಕೆ, 2005ರ ಫೆಬ್ರವರಿ 16ರಂದು ಕಮಿಷನರ್ ಗ್ಯಾರಿ ಬೆಟ್‌ಮನ್ ಇಡೀ ಸೀಸನ್ ರದ್ದು ಮಾಡಿದರು. 1230 ಪಂದ್ಯಗಳು ಹೋದವು. ಜುಲೈನಲ್ಲಿ ರಾಜಿಯಾದಾಗ ಮೊದಲ ವರ್ಷದ ಮಿತಿ ಬರೀ 390 ಲಕ್ಷ! ಜೊತೆಗೆ ಶೇ. 24ರ ಕಡಿತವೂ ಸೇರಿತು. ಅದೇ ತಿಂಗಳು ಗುಡ್‌ನೌ ರಾಜೀನಾಮೆ ಕೊಟ್ಟ.

ಮಿತಿ ಕೆಟ್ಟದ್ದೇ ಅಂತಲ್ಲ. ಅದು ಆದಾಯದ ಜೊತೆ ಬೆಳೆದು 2025-26ಕ್ಕೆ 955 ಲಕ್ಷ ಡಾಲರ್ ಮುಟ್ಟಿತು. ಆದರೆ ಶಾಂತಿ ಬಂತೇ? ಇಲ್ಲ. 2012ರಲ್ಲಿ ಮತ್ತೆ ಬೀಗ. ಆದಾಯದಲ್ಲಿ ಆಟಗಾರರ ಪಾಲು ಶೇ. 57ರಿಂದ 50ಕ್ಕೆ ಇಳಿದ ಮೇಲೇ ಬೀಗ ತೆಗೆದದ್ದು. ಮಿತಿ ಸಂಬಳಕ್ಕೆ ಬಿತ್ತು, ಅಪನಂಬಿಕೆಗೆ ಬೀಳಲಿಲ್ಲ. 1957ರಲ್ಲೇ ಲೆಕ್ಕದ ಪುಸ್ತಕ ತೆರೆದಿದ್ದರೆ ಕಥೆ ಬೇರೆಯಾಗುತ್ತಿತ್ತೇನೋ ಅನ್ನಿಸುತ್ತದೆ ನನಗೆ.

ಮಾಲೀಕರಿಗೆ ಬೇರೆ ವ್ಯಾಪಾರಗಳಿದ್ದವು. ಎಷ್ಟೋ ಆಟಗಾರರು ಯುರೋಪಿಗೆ ಹೋಗಿ ಆಡಿದರು. ಕ್ರೀಡಾಂಗಣದ ಬಾಗಿಲಲ್ಲಿ ಟಿಕೆಟ್ ಹರಿಯುವವರು, ಒಳಗೆ ತಿಂಡಿ ಮಾರುವವರು ಎಲ್ಲಿಗೆ ಹೋಗಬೇಕಿತ್ತು? ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು.

ಅಂದಹಾಗೆ, ವರ್ಷದ ಅತ್ಯುತ್ತಮ ಆಟಗಾರನಿಗೆ ಆಟಗಾರರೇ ಮತ ಹಾಕಿ ಕೊಡುವ ಪ್ರಶಸ್ತಿಗೆ 2010ರಿಂದ ಲಿಂಡ್ಸೆಯ ಹೆಸರಿದೆ. ಲೆಕ್ಕ ಕೇಳಿದವನಿಗೆ ಅಷ್ಟಾದರೂ ಸಂದಿತಲ್ಲ! ನೀವೇನಂತೀರಿ?