ಕೊಣಾಜೆಯ ಯಂತ್ರವೂ ಬೆಳಕಿನ ಅಲೆಯೂ

ಪುತ್ತೂರು, ಸುಳ್ಯ, ಕಡಬದ ಕಡೆ ಕ್ಯಾನ್ಸರ್ ರೋಗಿಗೆ ವಿಕಿರಣ ಚಿಕಿತ್ಸೆ ಮಾಡಿಸುವುದನ್ನು ನಾವು ‘ಕರೆಂಟ್ ಕೊಡಿಸುವುದು’ ಎನ್ನುತ್ತೇವೆ. ಅದಕ್ಕಾಗಿ ವಾರಗಟ್ಟಲೆ ಬೆಳಗ್ಗಿನ ಬಸ್ಸಿನಲ್ಲಿ ಮಂಗಳೂರಿಗೆ ಹೋಗಿ ಬರುವವರನ್ನು ವರದಿಯ ಓಡಾಟದಲ್ಲಿ ಎಷ್ಟೋ ಸಲ ಕಂಡಿದ್ದೇವೆ. ಈ ಕರೆಂಟ್ ಇಂದು ಹೆಚ್ಚಾಗಿ ಬರುವುದು ಎಲೆಕ್ಟ್ರಾನ್‌ಗಳ ವೇಗ ಹೆಚ್ಚಿಸುವ ಯಂತ್ರದಿಂದ, ಅಂದರೆ ವೇಗವರ್ಧಕದಿಂದ.

ಚಿಕಿತ್ಸೆಗಲ್ಲ, ಸಂಶೋಧನೆಗೆಂದೇ ಇರುವ ಅಂಥದೊಂದು ಯಂತ್ರ ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯಕ್ಕೆ 1995ರಲ್ಲಿ ಬಂತು. ಹೆಸರು ಮೈಕ್ರೋಟ್ರಾನ್. ಅಯಸ್ಕಾಂತದೊಳಗೆ ಎಲೆಕ್ಟ್ರಾನ್‌ಗಳು ಸುತ್ತು ಹಾಕುತ್ತವೆ, ಪ್ರತಿ ಸುತ್ತಿಗೂ ಮೈಕ್ರೋವೇವ್ ಒಂದಿಷ್ಟು ತಳ್ಳುತ್ತದೆ. ಕೊನೆಗೆ ಸಿಗುವ ಶಕ್ತಿ 80 ಲಕ್ಷ ಎಲೆಕ್ಟ್ರಾನ್ ವೋಲ್ಟ್. ಕಟ್ಟಿಕೊಟ್ಟದ್ದು 1984ರಲ್ಲಿ ಆರಂಭವಾದ ಇಂದೋರಿನ ಕೇಂದ್ರ. ಆ ಕೇಂದ್ರಕ್ಕೆ ಈಗ ತುಮಕೂರಿನಲ್ಲಿ ಹುಟ್ಟಿದ ವಿಜ್ಞಾನಿ ರಾಜಾ ರಾಮಣ್ಣನವರ ಹೆಸರಿದೆ.

ಹಳೆಯ ಬಗೆಯ ವೇಗವರ್ಧಕಕ್ಕೆ ಒಂದು ಮಿತಿಯಿದೆ. ತಳ್ಳುವ ಬಲವನ್ನು ತೀರಾ ಹೆಚ್ಚಿಸಿದರೆ ಒಳಗಿನ ಲೋಹದಲ್ಲಿ ಕಿಡಿ ಹಾರುತ್ತದೆ. ಹಾಗಾಗಿ ಶಕ್ತಿ ಹೆಚ್ಚು ಬೇಕಿದ್ದರೆ ಯಂತ್ರವೂ ದೊಡ್ಡದಾಗಬೇಕು. ಇದಕ್ಕೆ 1979ರಲ್ಲಿ ಕ್ಯಾಲಿಫೋರ್ನಿಯದ ತೊಶಿಕಿ ತಜಿಮ, ಜಾನ್ ಡಾಸನ್ ಬೇರೊಂದು ದಾರಿ ಸೂಚಿಸಿದರು. ನೇತ್ರಾವತಿಯಲ್ಲಿ ದೋಣಿ ಸಾಗಿದರೆ ಹಿಂದೆ ಅಲೆ ಏಳುತ್ತದೆ, ತೇಲುವ ತೆಂಗಿನ ಸಿಪ್ಪೆಯನ್ನು ಆ ಅಲೆ ದೂಡುತ್ತದೆ. ಇಲ್ಲಿ ದೋಣಿಯೆಂದರೆ ಲೇಸರ್ ಬೆಳಕಿನ ಅತಿ ಸಣ್ಣ ಮಿಡಿತ, ನೀರೆಂದರೆ ಪ್ಲಾಸ್ಮಾ, ಸಿಪ್ಪೆಯೆಂದರೆ ಎಲೆಕ್ಟ್ರಾನ್. ಪ್ಲಾಸ್ಮಾದ ಪರಮಾಣುಗಳು ಮೊದಲೇ ಒಡೆದಿರುವುದರಿಂದ ಕಿಡಿಯ ಭಯವಿಲ್ಲ.

ಆದರೆ ಅಷ್ಟು ತೀಕ್ಷ್ಣ ಲೇಸರ್ ಆಗ ಇರಲಿಲ್ಲ. ಅದಕ್ಕೆ ದಾರಿಯಾದದ್ದು 1985ರಲ್ಲಿ ಡೋನಾ ಸ್ಟ್ರಿಕ್‌ಲೆಂಡ್, ಜೆರಾರ್ ಮೂರು ಕಂಡುಹಿಡಿದ ವಿಧಾನ. ಅದಕ್ಕೆ 2018ರಲ್ಲಿ ನೊಬೆಲ್ ಬಂತು. 2004ರ ಸೆಪ್ಟೆಂಬರಿನಲ್ಲಿ, ರಾಮಣ್ಣನವರು ತೀರಿಕೊಂಡ ತಿಂಗಳಲ್ಲೇ, ಬ್ರಿಟನ್, ಫ್ರಾನ್ಸ್, ಅಮೆರಿಕದ ತಂಡಗಳು ಈ ಅಲೆಯಿಂದ ಒಂದೇ ಮಟ್ಟದ ಶಕ್ತಿಯ ಎಲೆಕ್ಟ್ರಾನ್ ಕಿರಣ ಪಡೆದ ಸುದ್ದಿ ಪ್ರಕಟವಾಯಿತು. 2019ರ ಹೊತ್ತಿಗೆ ಬರ್ಕ್ಲಿಯವರು 20 ಸೆಂಟಿಮೀಟರಿನಲ್ಲೇ 780 ಕೋಟಿ ಎಲೆಕ್ಟ್ರಾನ್ ವೋಲ್ಟ್ ಮುಟ್ಟಿದರು. ಕೊಣಾಜೆ ಯಂತ್ರದ ಶಕ್ತಿಗೆ ಇದು ಸುಮಾರು 1000 ಪಟ್ಟು. ನಮಗೆ ಮೈಕ್ರೋಟ್ರಾನ್ ಕೊಟ್ಟ ಇಂದೋರಿನಲ್ಲೂ ಈ ಪ್ರಯೋಗಗಳು ನಡೆದಿವೆ.

ಅಂದಮಾತ್ರಕ್ಕೆ ನಾಳೆಯೇ ಬೆಳಗ್ಗಿನ ಬಸ್ಸು ತಪ್ಪುವುದಿಲ್ಲ. ವೇಗವರ್ಧಕ ಅಂಗೈಯಗಲ ಆದರೂ ಅದನ್ನು ನಡೆಸುವ ಲೇಸರ್ ಇನ್ನೂ ಕೋಣೆ ತುಂಬುವಷ್ಟಿದೆ. ರೋಗಿಯ ಮೈಮೇಲೆ ಬೀಳಬೇಕಾದರೆ ಪ್ರತಿ ಮಿಡಿತವೂ ಒಂದೇ ಅಳತೆಯಲ್ಲಿರಬೇಕು. ಆ ಕೆಲಸ ಬಾಕಿಯಿದೆ.

ಅದನ್ನು ಮಾಡುವವರು ನಮ್ಮೂರಿನವರೂ ಆಗಬಹುದು. ನಮ್ಮ ಮೂರು ತಾಲ್ಲೂಕುಗಳಲ್ಲಿ ಬಿಎಸ್ಸಿ ಓದುವ ಹೆಚ್ಚಿನ ಮಕ್ಕಳಿಗೆ ಪದವಿ ಕೊಡುವುದು ಕೊಣಾಜೆಯೇ. ಪದವಿ ಪತ್ರ ಕೈಗೆ ಬರುವ ಮೊದಲು ಅವರು ಆ ಮೈಕ್ರೋಟ್ರಾನನ್ನು ಒಮ್ಮೆಯಾದರೂ ನೋಡಿರಬೇಕು ಎಂಬುದು ನಮ್ಮ ಆಸೆ.