ಸಂಕೇತದಿಂದ ತಂತಿಯವರೆಗೆ: ಹಳೆಯ ಹಿಟಾಚಿಗಳ ದೋಷನಿದಾನ

ಹತ್ತು ಹನ್ನೆರಡು ಸಾವಿರ ಗಂಟೆ ದುಡಿದು, ಗಣಿಯಿಂದ ಕಲ್ಲುಕ್ವಾರಿಗೆ, ಕ್ವಾರಿಯಿಂದ ಕೆರೆಯ ಹೂಳೆತ್ತುವ ಗುತ್ತಿಗೆಗೆ ಕೈಯಿಂದ ಕೈಗೆ ಸಾಗಿಬಂದ ಹಳೆಯ ಎಕ್ಸ್‌ಕವೇಟರಿನ, ಎಂದರೆ ಯಾವ ಕಂಪನಿಯದಾದರೂ ನಮ್ಮ ಜನ ಹಿಟಾಚಿಯೆಂದೇ ಕರೆಯುವ ಯಂತ್ರದ, ಮಾನಿಟರಿನ ಮೇಲೆ ದೋಷಸಂಕೇತವೊಂದು ಮೂಡಿದಾಗ, ಯಾವ ಸೆನ್ಸರ್ ಹೋಗಿದೆಯೆಂಬುದೇ ಎಲ್ಲರ ಬಾಯಲ್ಲೂ ಮೊದಲು ಬರುವ ಪ್ರಶ್ನೆ. ಪ್ರಶ್ನೆ ಸಹಜವೇ ಆದರೂ ಅದಕ್ಕೆ ಉತ್ತರ ಕೊಡುವ ಶಕ್ತಿ ಸಂಕೇತಕ್ಕೆ ಬಹುಮಟ್ಟಿಗೆ ಇಲ್ಲ. ಇಂಥ ವಿದ್ಯುನ್ಮಂಡಲದಲ್ಲಿ ತಾನು ನಿರೀಕ್ಷಿಸಿದ ವೋಲ್ಟೇಜು ದೊರೆಯಲಿಲ್ಲವೆಂಬಷ್ಟನ್ನು ಮಾತ್ರ ಯಂತ್ರದ ಗಣಕವು ತಿಳಿಸುತ್ತದೆ, ಮತ್ತು ಆ ಮಂಡಲದಲ್ಲಿ ಸೆನ್ಸರಿನೊಡನೆ ತಂತಿಯೂ ಕನೆಕ್ಟರೂ ಸ್ವತಃ ಆ ಗಣಕವೂ ಸೇರಿರುತ್ತವೆ. ಕಳೆದ ನಾಲ್ಕು ದಶಕಗಳಲ್ಲಿ ಬೆಳೆದುಬಂದ ಈ ನಿದಾನವಿದ್ಯೆಯ ಚರಿತ್ರೆಯನ್ನು ಅವಲೋಕಿಸಿದರೆ, ಸಂಕೇತಗಳ ಭಾಷೆ ಎಷ್ಟು ಸೂಕ್ಷ್ಮವಾಯಿತೋ ತಂತಿಯನ್ನು ಅಳೆದು ನೋಡುವ ಅಗತ್ಯವೂ ಅಷ್ಟೇ ಹೆಚ್ಚಿತೆಂಬುದು ಸ್ಪಷ್ಟವಾಗುತ್ತದೆ.

1964ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಭಾರತ್ ಅರ್ಥ್ ಮೂವರ್ಸ್ ಸಂಸ್ಥೆಯು ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಡೋಜರುಗಳನ್ನು ಕಟ್ಟುತ್ತಿದ್ದ ಆರಂಭದ ದಿನಗಳಲ್ಲಿ ಈ ಸಮಸ್ಯೆಯೇ ಇರಲಿಲ್ಲ. ಇಂಧನ ಪಂಪು ಕೇವಲ ಯಾಂತ್ರಿಕವಾದದ್ದು. ಆಯಿಲಿನ ಒತ್ತಡಕ್ಕೊಂದು, ನೀರಿನ ಶಾಖಕ್ಕೊಂದು ಮುಳ್ಳಿನ ಮೀಟರು. ಮಿಕ್ಕದ್ದೆಲ್ಲ ಹೊಗೆಯ ಬಣ್ಣವನ್ನೂ ಎಂಜಿನ್ನಿನ ಸದ್ದನ್ನೂ ಬಲ್ಲ ಹಿರಿಯ ಮೇಸ್ತ್ರಿಗಳ ಅನುಭವಕ್ಕೆ ಬಿಟ್ಟದ್ದು. 1985ರಲ್ಲಿ ಅಮೆರಿಕದ ಡೆಟ್ರಾಯಿಟ್ ಡೀಸೆಲ್ ತನ್ನ ಭಾರೀ ಎಂಜಿನ್ನುಗಳಿಗೆ ಡಿಡಿಇಸಿ ಎಂಬ ವಿದ್ಯುನ್ಮಾನ ನಿಯಂತ್ರಣವನ್ನು ಅಳವಡಿಸಿದಾಗ ಎಂಜಿನ್ನಿಗೆ ತನ್ನ ದೋಷವನ್ನು ತಾನೇ ನೆನಪಿಟ್ಟುಕೊಂಡು ತಿಳಿಸುವ ಸಾಮರ್ಥ್ಯ ಬಂದಿತು. ಆ ಕಾಲದ ಸಂಕೇತವೆಂದರೆ ಎಚ್ಚರಿಕೆಯ ದೀಪದ ಮಿನುಗು: ಎರಡು ಸಲ ಮಿನುಗಿ, ಕ್ಷಣಕಾಲ ನಿಂತು, ಮತ್ತೆ ಐದು ಸಲ ಮಿನುಗಿದರೆ ಅದು 25, ಅಂದರೆ ದೋಷವೊಂದೂ ದಾಖಲಾಗಿಲ್ಲವೆಂದು ಅರ್ಥ.

ಎಕ್ಸ್‌ಕವೇಟರುಗಳಲ್ಲಿ ಈ ಬೆಳವಣಿಗೆ ಎಂಜಿನ್ನಿಗಿಂತ ಹೆಚ್ಚಾಗಿ ಹೈಡ್ರಾಲಿಕ್ ಪಂಪನ್ನು ಅನುಸರಿಸಿ ನಡೆಯಿತು. ಎಂಜಿನ್ನಿನ ವೇಗವನ್ನು ಅಳೆದು, ಅದು ಕುಗ್ಗದಷ್ಟೇ ಭಾರವನ್ನು ಪಂಪು ಹೊರುವಂತೆ ಮಾಡುವ ನಿಯಂತ್ರಕಗಳು ಬಂದಮೇಲೆ, ಕೊಮಾತ್ಸುವಿನ ಪಿಸಿ200-6ರಂಥ ಯಂತ್ರಗಳ ಮಾನಿಟರಿನಲ್ಲಿ ‘ಇ02’ ಎಂಬ ಬರಹ ಕಾಣಿಸತೊಡಗಿತು. ಪಂಪಿನ ಭಾರವನ್ನು ನಿಯಂತ್ರಿಸುವ ಸೊಲೆನಾಯ್ಡಿನ ಮಂಡಲದಲ್ಲಿ ದೋಷವಿದೆಯೆಂಬುದು ಅದರ ಅರ್ಥ. ಆ ತಲೆಮಾರಿನ ವಿನ್ಯಾಸಕಾರರು ವಿವೇಕದಿಂದ ಕ್ಯಾಬಿನ್ನಿನೊಳಗೆ ತುರ್ತು ಸ್ವಿಚ್ಚೊಂದನ್ನೂ ಇರಿಸಿದ್ದರು. ಅದನ್ನು ಒತ್ತಿದರೆ ವಿದ್ಯುತ್ತು ನಿಯಂತ್ರಕವನ್ನು ಬಳಸಿಹೋಗಿ, ಒಂದು ರೆಸಿಸ್ಟರಿನ ಮೂಲಕ ನೇರವಾಗಿ ಸೊಲೆನಾಯ್ಡಿಗೆ ಹರಿದು, ಯಂತ್ರವು ಅಂದಿನ ಕೆಲಸವನ್ನು ಹೇಗೋ ಮುಗಿಸಬಲ್ಲುದಾಗಿತ್ತು. ದೋಷವನ್ನು ತಿಳಿಸುವುದರೊಂದಿಗೆ ದೋಷದೊಡನೆ ಬಾಳುವ ಉಪಾಯವನ್ನೂ ಕಲ್ಪಿಸಿದ ಈ ಔದಾರ್ಯವು ಮುಂದಿನ ಯಂತ್ರಗಳಲ್ಲಿ ಬರಬರುತ್ತ ಕ್ಷೀಣಿಸಿತೆಂದೇ ಹೇಳಬೇಕು.

ಪ್ರತಿ ಕಂಪನಿಗೂ ಬೇರೆ ಬೇರೆ ಸಂಕೇತಗಳಿದ್ದ ಗೊಂದಲವನ್ನು ನಿವಾರಿಸುವ ಯತ್ನಕ್ಕೆ ಆಧಾರವಾದದ್ದು ಜರ್ಮನಿಯ ಬಾಷ್ ಸಂಸ್ಥೆ 1986ರಲ್ಲಿ ಲೋಕಕ್ಕೆ ಪರಿಚಯಿಸಿದ ಕ್ಯಾನ್ ಎಂಬ ಸಂವಹನ ಪದ್ಧತಿ. ಹೆಣೆದ ಎರಡೇ ತಂತಿಗಳ ಮೇಲೆ ಯಂತ್ರದ ಎಲ್ಲ ಗಣಕಗಳೂ ಮಾತಾಡಿಕೊಳ್ಳುವ ಈ ಪದ್ಧತಿಯ ತಳಹದಿಯ ಮೇಲೆ ಅಮೆರಿಕದ ಎಸ್‌ಎಇ ಸಂಸ್ಥೆಯು 1990ರ ದಶಕದಲ್ಲಿ ಜೆ1939 ಎಂಬ ಮಾನಕವನ್ನು ಕಟ್ಟಿತು. ಹಿಂದಿನ ಜೆ1708ರಲ್ಲಿ ಸೆಕೆಂಡಿಗೆ 9,600 ಬಿಟ್‌ಗಳಷ್ಟಿದ್ದ ವೇಗ 2,50,000ಕ್ಕೆ ಏರಿತು. ಆದರೂ ರಿಪೇರಿಯ ದೃಷ್ಟಿಯಿಂದ ನೋಡಿದರೆ, ವೇಗಕ್ಕಿಂತ ಮುಖ್ಯವಾದದ್ದು ದೋಷವನ್ನು ಎರಡು ಅಂಗಗಳಾಗಿ ಒಡೆದು ಹೇಳುವ ಕ್ರಮ. ಎಸ್‌ಪಿಎನ್ ಎಂಬ ಸಂಖ್ಯೆ ದೋಷ ಯಾವುದಕ್ಕೆ ಸಂಬಂಧಿಸಿದ್ದೆಂದು ತಿಳಿಸಿದರೆ, ಎಫ್‌ಎಂಐ ಎಂಬ ಸಂಖ್ಯೆ ದೋಷದ ಸ್ವರೂಪವನ್ನು ತಿಳಿಸುತ್ತದೆ: 100 ಎಂಜಿನ್ ಆಯಿಲಿನ ಒತ್ತಡ, 110 ಕೂಲಂಟಿನ ಶಾಖ, 190 ಎಂಜಿನ್ನಿನ ವೇಗ, ಎಫ್‌ಎಂಐ 3 ಎಂದರೆ ವೋಲ್ಟೇಜು ಮಿತಿಗಿಂತ ಹೆಚ್ಚು, 4 ಎಂದರೆ ಕಡಮೆ, 0 ಎಂದರೆ ಅಳತೆ ಸರಿಯಾಗಿದ್ದು ಎಂಜಿನ್ನು ನಿಜವಾಗಿಯೇ ಅಪಾಯದ ಮಟ್ಟ ಮುಟ್ಟಿದೆ. 110-0 ಕಂಡರೆ ಎಂಜಿನ್ನನ್ನು ತಣಿಸಿ ರೇಡಿಯೇಟರನ್ನು ನೋಡಬೇಕು, 110-3 ಕಂಡರೆ ಮಲ್ಟಿಮೀಟರನ್ನು ಕೈಗೆ ತೆಗೆದುಕೊಳ್ಳಬೇಕು. ಈ ವಿವೇಚನೆಯೇ ಇಡೀ ಶಾಸ್ತ್ರದ ಅರ್ಧಭಾಗವೆಂದರೆ ತಪ್ಪಾಗದು.

ಹೆಸರುಗಳ ವೈವಿಧ್ಯ ಮಾತ್ರ ಪೂರ್ತಿ ಅಳಿಯಲಿಲ್ಲ. ಮಾನಕದ 110-3 ಕಮ್ಮಿನ್ಸ್ ಎಂಜಿನ್ನಿನಲ್ಲಿ 144 ಎನಿಸಿಕೊಳ್ಳುತ್ತದೆ, ಕೊಮಾತ್ಸುವಿನ ಮಾನಿಟರಿನಲ್ಲಿ ಸಿಎ144 ಆಗುತ್ತದೆ. ಅದರ ಜೋಡಿಯಾದ 110-4 ಅದೇ ಪ್ರಕಾರ 145, ಸಿಎ145. ಈ ಜೋಡಿಯನ್ನು ಬಲ್ಲವನಿಗೆ ಅದರಿಂದಲೇ ಸುಲಭವಾದ ಪರೀಕ್ಷೆಯೊಂದು ದೊರೆಯುತ್ತದೆ. ಕೂಲಂಟಿನ ಸೆನ್ಸರು ಶಾಖ ಏರಿದಂತೆ ರೋಧ ಇಳಿಯುವ ಥರ್ಮಿಸ್ಟರ್. ಗಣಕವು ತನ್ನೊಳಗಿನ ರೆಸಿಸ್ಟರಿನ ಮೂಲಕ 5 ವೋಲ್ಟನ್ನು ಕಳುಹಿಸಿ, ಎಷ್ಟು ಉಳಿಯಿತೆಂದು ನೋಡುತ್ತದೆ. ತಂತಿ ಎಲ್ಲಾದರೂ ತುಂಡಾಗಿದ್ದರೆ ಪೂರ್ತಿ 5 ವೋಲ್ಟೂ ಉಳಿದು ಸಿಎ144 ಬೀಳುತ್ತದೆ. ಆಗ ಸೆನ್ಸರಿನ ಕನೆಕ್ಟರನ್ನು ಕಳಚಿ, ವೈರಿಂಗಿನ ಕಡೆಯ ಎರಡು ಪಿನ್ನುಗಳನ್ನು ಒಂದು ತುಂಡು ತಂತಿಯಿಂದ ಕೂಡಿಸಿದರೆ ವೋಲ್ಟೇಜು ಸೊನ್ನೆಗೆ ಇಳಿಯಬೇಕು, ಸಂಕೇತವು ಸಿಎ145ಕ್ಕೆ ತಿರುಗಬೇಕು. ತಿರುಗಿತೆಂದರೆ ಅಲ್ಲಿಂದ ಗಣಕದವರೆಗಿನ ತಂತಿಯೂ ಗಣಕವೂ ನೆಟ್ಟಗಿವೆ. ದೋಷ ಸೆನ್ಸರಿನಲ್ಲೋ ಅದರ ಪಿನ್ನುಗಳಲ್ಲೋ ಇದೆ. ತಿರುಗಲಿಲ್ಲವೆಂದರೆ ಹೊಸ ಸೆನ್ಸರಿಗೆ ಹಣ ಸುರಿಯುವುದು ವ್ಯರ್ಥ. ಸಾವಿರಾರು ರೂಪಾಯಿಯ ಬಿಡಿಭಾಗವನ್ನು ಅಂದಾಜಿನ ಮೇಲೆ ಬದಲಿಸುವ ಅಭ್ಯಾಸ ಇನ್ನೂ ಬಲವಾಗಿರುವಲ್ಲಿ, ಒಂದು ಗೇಣು ತಂತಿಯಿಂದ ನಡೆಯುವ ಈ ಪರೀಕ್ಷೆ ಎಷ್ಟು ಪ್ರಚಾರವಾದರೂ ಸಾಲದು.

ಒತ್ತಡದ ಸೆನ್ಸರುಗಳ ಕಥೆ ಸ್ವಲ್ಪ ಬೇರೆ. ಅವು ಸಾಮಾನ್ಯವಾಗಿ 0.5ರಿಂದ 4.5 ವೋಲ್ಟಿನೊಳಗೆ ವರದಿಮಾಡುತ್ತವೆ. ಮೇಲೂ ಕೆಳಗೂ ಬಿಟ್ಟ ಅಂಚು, ತಂತಿಯ ದೋಷವನ್ನು ನಿಜವಾದ ಒತ್ತಡದಿಂದ ಬೇರ್ಪಡಿಸಿ ಗುರುತಿಸಲೆಂದು ಕಾದಿರಿಸಿದ್ದು. ಹಲವು ಸೆನ್ಸರುಗಳು 5 ವೋಲ್ಟಿನ ಒಂದೇ ಸರಬರಾಜನ್ನು ಹಂಚಿಕೊಂಡಿರುವಾಗ, ಬೀದಿಯ ಕೊಳವೆ ಒಂದೆಡೆ ಒಡೆದರೆ ಎಲ್ಲ ಮನೆಗಳ ನಲ್ಲಿಯೂ ಬತ್ತುವಂತೆ, ಒಂದು ಸೆನ್ಸರು ಒಳಗೇ ಶಾರ್ಟ್ ಆದರೆ ಐದಾರು ಸಂಕೇತಗಳು ಏಕಕಾಲಕ್ಕೆ ಬೀಳುತ್ತವೆ. ಒಂದೊಂದೇ ಕನೆಕ್ಟರನ್ನು ಕಳಚುತ್ತ ಹೋಗಿ, ಯಾವುದನ್ನು ಕಳಚಿದಾಗ 5 ವೋಲ್ಟು ಮರಳಿ ಬರುತ್ತದೆಂದು ಮೀಟರಿನಲ್ಲಿ ಕಾಣುವುದೇ ಇದಕ್ಕೆ ಮಾರ್ಗ.

ಹೊಸ ಯಂತ್ರಕ್ಕೂ ಹಳೆಯದಕ್ಕೂ ಇರುವ ಭೇದ ಈ ವೈರಿಂಗಿನಲ್ಲಿಯೇ ತೋರುತ್ತದೆ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿಯ ಗಣಿಗಾರಿಕೆಯನ್ನು ತಡೆದಾಗ ಕೆಲಸವಿಲ್ಲದೆ ಬಿಸಿಲು ಮಳೆಗೆ ನಿಂತ ಯಂತ್ರಗಳಲ್ಲಿ ಆದಂತೆ, ದುಡಿಮೆಗಿಂತಲೂ ನಿಲುಗಡೆಯೇ ವೈರಿಂಗಿಗೆ ಹೆಚ್ಚು ಕೇಡು ಮಾಡುತ್ತದೆ: ಪಿನ್ನುಗಳು ಹಸಿರುಗಟ್ಟುತ್ತವೆ, ಇಲಿಗಳು ಹೊದಿಕೆಯನ್ನು ಕಡಿಯುತ್ತವೆ. ಹಿಂದಿನ ಯಾವನೋ ಮೆಕ್ಯಾನಿಕ್ಕು ಟೇಪು ಸುತ್ತಿ ಹಾಕಿದ ಜೋಡಣೆ, ಬೇರೆ ಯಂತ್ರದಿಂದ ತಂದಿಟ್ಟ ಗಣಕ, ಬಣ್ಣ ಹೊಂದದ ತಂತಿ ಇವೊಂದೂ ಕೈಪಿಡಿಯಲ್ಲಿ ಇರುವುದಿಲ್ಲ. ಮಾರುವ ಮುನ್ನ ಸಂಕೇತಗಳನ್ನು ಅಳಿಸುವ ರೂಢಿಯೂ ಉಂಟು. ಆದಕಾರಣ ಕೊಳ್ಳುವವನು ಆ ಹೊತ್ತಿನ ಸಂಕೇತಗಳನ್ನಷ್ಟೇ ನೋಡದೆ, ದಾಖಲೆಯಲ್ಲಿ ಉಳಿದ ಹಳೆಯ ಸಂಕೇತಗಳನ್ನೂ ಅವು ಯಾವ ಗಂಟೆಯಲ್ಲಿ, ಎಷ್ಟು ಸಲ ಬಿದ್ದವೆಂಬುದನ್ನೂ ಓದಿಸಬೇಕು. ಯಂತ್ರವನ್ನು ಪೂರ್ತಿ ಬಿಸಿಯಾಗುವವರೆಗೆ ದುಡಿಸಿ ಮತ್ತೊಮ್ಮೆ ಓದಿಸಬೇಕು. ಕೀ ತೆಗೆದು, ಬ್ಯಾಟರಿ ಕಳಚಿ, ಕ್ಯಾನ್ ತಂತಿಗಳ ನಡುವೆ ಅಳೆದರೆ ಎರಡು ತುದಿಗಳ 120 ಓಮಿನ ರೆಸಿಸ್ಟರುಗಳು ಕೂಡಿ 60 ಓಮು ಬರುತ್ತದೆಯೇ ಎಂದೂ ಪರೀಕ್ಷಿಸಬೇಕು. 120 ಬಂದರೆ ಒಂದು ತುದಿಯ ರೆಸಿಸ್ಟರು ಕಳಚಿದೆ, ಇಲ್ಲವೇ ತಂತಿ ನಡುವೆ ತುಂಡಾಗಿದೆ.

2021ರ ಏಪ್ರಿಲಿನಿಂದ ನಮ್ಮ ದೇಶದ ಗಾಲಿಯ ನಿರ್ಮಾಣಯಂತ್ರಗಳಿಗೆ ನಾಲ್ಕನೆಯ ಹಂತದ, 2025ರ ಜನವರಿಯಿಂದ ಐದನೆಯ ಹಂತದ ಹೊಗೆಯ ನಿಯಮಗಳು ಜಾರಿಗೆ ಬಂದಿವೆ. ನೈಟ್ರೋಜನ್ ಆಕ್ಸೈಡಿನ ಸೆನ್ಸರು, ಮಸಿ ಸೋಸುವ ಫಿಲ್ಟರಿನ ಎರಡು ಬದಿಯ ಒತ್ತಡಭೇದವನ್ನು ಅಳೆಯುವ ಸೆನ್ಸರು ಮುಂತಾದವು ಕೆಟ್ಟರೆ ಎಂಜಿನ್ನಿನ ಶಕ್ತಿಯನ್ನೇ ಗಣಕವು ಕುಗ್ಗಿಸುತ್ತದೆ, ಮತ್ತು ಅದನ್ನು ಬಿಡಿಸುವ ಸಾಫ್ಟ್‌ವೇರು ಬಹುಪಾಲು ಅಧಿಕೃತ ಡೀಲರನ ಲ್ಯಾಪ್‌ಟಾಪಿನಲ್ಲಿದೆ. ಇಂಥ ಸಾಧನಗಳನ್ನು ಮಾಲೀಕರಿಗೂ ದೊರಕಿಸಲೆಂದು ಅಮೆರಿಕದ ಕೊಲರಾಡೊ ರಾಜ್ಯವು 2024ರ ಆರಂಭದಿಂದ ಜಾರಿಗೆ ತಂದ ರಿಪೇರಿ ಹಕ್ಕಿನ ಕಾನೂನು ಕೃಷಿಯಂತ್ರಗಳಿಗೆ ಸಂಬಂಧಿಸಿದ್ದು. ನಮ್ಮ ಕೇಂದ್ರಸರ್ಕಾರ 2022ರಲ್ಲಿ ತೆರೆದ ರಿಪೇರಿ ಹಕ್ಕಿನ ಪೋರ್ಟಲು ಕೃಷಿ ಉಪಕರಣ, ಮೊಬೈಲು, ಗೃಹೋಪಕರಣ, ವಾಹನ ಈ ನಾಲ್ಕು ಕ್ಷೇತ್ರಗಳನ್ನು ಹೆಸರಿಸಿತೇ ಹೊರತು ಮಣ್ಣು ತೋಡುವ ಯಂತ್ರವನ್ನು ಹೆಸರಿಸಲಿಲ್ಲ. ಈ ನಾಲ್ಕರ ಸಾಲಿಗೆ ನಿರ್ಮಾಣಯಂತ್ರಗಳೂ ಸೇರಬೇಕು; ಯಂತ್ರ ಕೈ ಬದಲಿಸಿದಾಗ ಇನ್‌ವಾಯ್ಸಿನೊಂದಿಗೆ ಆ ಸೀರಿಯಲ್ ನಂಬರಿನ ವೈರಿಂಗ್ ನಕ್ಷೆಯೂ ಸಂಕೇತಗಳ ಕೈಪಿಡಿಯೂ ಹೊಸ ಮಾಲೀಕನಿಗೆ ಸಲ್ಲಬೇಕು. ನಾಲ್ಕನೆಯ ಹಂತದ ಮೊದಲ ಯಂತ್ರಗಳು ಈಗಾಗಲೇ ಎರಡನೆಯ ಮಾಲೀಕರ ಕೈ ಸೇರತೊಡಗಿವೆ.